ಬಾವಿಗೆ ಹಾರಿದ ಸೊಸೆಯ ಗುಟ್ಟು

ಜಟಕಾಗಾಡಿಯಲ್ಲಿ ಕೂತು, ಮೈಕು ಹಿಡಿದು, ಹಳ್ಳಿಹಳ್ಳಿಗೆ ಸಿನಿಮಾ ಸಾರುವುದು ಆಗ ನನ್ನ ಕೆಲಸ. ಕಥೆಯನ್ನು ಅರ್ಧ ಹೇಳಿ, 'ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿರಿ' ಎಂದು ನಿಲ್ಲಿಸಬೇಕು. ಕೊನೆ ಬಾಯಿಬಿಟ್ಟರೆ ಕೆಲಸ ಹೋದಂತೆ ಎಂದು ದಾವಣಗೆರೆಯ ನಮ್ಮ ಟಾಕೀಸಿನ ಮಾಲೀಕರು ಎಚ್ಚರಿಸಿದ್ದರು.

ಒಮ್ಮೆ ಬಾತಿ ಎಂಬ ಹಳ್ಳಿಯಲ್ಲಿ, ಸಿನಿಮಾದ ಸೊಸೆ ಬಾವಿಗೆ ಹಾರುವಲ್ಲಿಗೆ ಕಥೆ ನಿಲ್ಲಿಸಿದೆ. ಅಜ್ಜಿಯೊಬ್ಬಳು ಬಂದು ಕುದುರೆಯ ಲಗಾಮು ಹಿಡಿದಳು.

"ಆಕಿ ಬದುಕ್ತಾಳೋ ಇಲ್ಲೋ, ಹೇಳಪ್ಪ."

"ಹೇಳಂಗಿಲ್ಲಜ್ಜಿ. ಬಂದು ನೋಡ್ರಿ."

"ಸಾಯೋದಾದ್ರೆ ನಾ ಬರಲ್ಲ. ಅಷ್ಟು ದೂರ ಬಂದು ಹೆಣ ನೋಡ್ಬೇಕಾ?"

ಲಗಾಮು ಬಿಡುವ ಲಕ್ಷಣ ಕಾಣಲಿಲ್ಲ. ಬಗ್ಗಿ, "ಬದುಕ್ತಾಳೆ. ಯಾರಿಗೂ ಹೇಳಬ್ಯಾಡ್ರಿ" ಎಂದು ಪಿಸುಗುಟ್ಟಿದೆ. ಮೈಕು ಬಾಯಿಯ ಹತ್ತಿರವೇ ಇತ್ತು. ಇಡೀ ಊರಿಗೆ ಕೇಳಿಸಿತು.

ಕೆಲಸ ಹೋಯಿತು ಅಂದುಕೊಂಡೆ. ಭಾನುವಾರ ನೋಡಿದರೆ ಬಾತಿಯ ಹೆಂಗಸರು ಎರಡು ಚಕ್ಕಡಿ ತುಂಬ ಟಾಕೀಸಿನ ಮುಂದೆ ಬಂದಿಳಿದರು. ಬಾವಿಯ ದೃಶ್ಯದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವಳು ಆ ಅಜ್ಜಿಯೇ.

ಹೊರಗೆ ಬಂದಾಗ ಕೇಳಿದೆ. "ಬದುಕ್ತಾಳಂತ ಗೊತ್ತಿತ್ತಲ್ಲಜ್ಜಿ, ಯಾಕ ಅಷ್ಟು ಅತ್ರಿ?"

"ಗೊತ್ತಿತ್ತಲ್ಲ, ಅದಕ್ಕೇ ಧೈರ್ಯವಾಗಿ ಅಳಾಕಾತು ನೋಡು."

ಮರುವಾರ ಹರಿಹರದ ಕಡೆ ಹೊರಟಾಗ ಮಾಲೀಕರು ಹತ್ತಿರ ಕರೆದು, "ಗುತ್ತೂರಿನಾಗೂ ಯಾರಿಗಾದ್ರೂ ಗುಟ್ಟಾಗಿ ಹೇಳು. ಮೈಕು ಮಾತ್ರ ಬಂದ್ ಮಾಡಬ್ಯಾಡ" ಎಂದರು.