ರೈಲು ಕೇಳಲು ಕಾರು ಹತ್ತಿದವರು

ಬಡಾವಣೆಯವರು ಅವಳನ್ನು ಕರೆಯುತ್ತಿದ್ದುದು ಟೈಲರಕ್ಕ ಎಂದು. ಕೆಟ್ಟ ಜಿಪ್ಪು ಬದಲಿಸುವುದು, ದಪ್ಪಗಾದವರ ಅಂಗಿ ಬಿಚ್ಚಿ ಹೊಲಿಯುವುದು ಅವಳ ಕೆಲಸ. ಅಂಗಡಿ ಪೇಟೆಯ ನಡುವೆ, ಮನೆ ಊರಾಚೆ, ಮಧ್ಯೆ ಹೆದ್ದಾರಿ ಎಂಬ ಕರ್ಮ. ಅದನ್ನು ಎರಡು ಸಲ ಅಗಲ ಮಾಡಿದ್ದರು. ಎರಡು ಸಲವೂ ನಾಲ್ಕು ದಿನ ಸುಖ, ಆಮೇಲೆ ಅದೇ ರಾಗ, ಅದೇ ಹಾಡು. ಬಸ್ಸಿನಲ್ಲಿ ಜೋತುಬಿದ್ದು ಅವಳು ಮನೆ ಮುಟ್ಟುವಷ್ಟರಲ್ಲಿ ಪುಟ್ಟ ಮಗಳು ಮಲಗಿರುತ್ತಿದ್ದಳು. ಮಗು ಎಚ್ಚರವಿರುವಾಗ ಮನೆ ಸೇರಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಈಗ ಮೂರನೆಯ ಸಲ ಅಗಲ ಮಾಡುವ ಮಾತು ಎದ್ದಿತ್ತು. ಬೇಕಾದರೆ ಅದರ ಬದಲು ಬಡಾವಣೆಯವರೆಗೆ ರೈಲು ತರೋಣ, ಯಾವುದು ಬೇಕು ಬಂದು ಹೇಳಿ ಎಂದು ಸರ್ಕಾರದ ಸಾಹೇಬರು ಪೇಟೆಯ ಕಚೇರಿಯಲ್ಲಿ ಸಂಜೆ ಸಭೆ ಕರೆದರು. ಟೈಲರಕ್ಕ ರಜೆ ಹಾಕಿ ಮನೆಮನೆ ಸುತ್ತಿದಳು. "ತಪ್ಪದೆ ಬನ್ನಿ, ತಲೆ ಎಣಿಸ್ತಾರೆ," ಎಂದು ಗಂಟಲು ಹರಿದುಕೊಂಡಳು.

ಪುಣ್ಯಾತ್ಮರು ತಪ್ಪಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕಾರು ತೆಗೆದು ಹೊರಟರು! ಅವಳು ಪಕ್ಕದ ಮನೆ ಮೇಷ್ಟ್ರ ಕಾರಿನಲ್ಲಿ ಕೂತಿದ್ದಳು. ಹೆದ್ದಾರಿ ಹತ್ತುತ್ತಲೇ ಎಲ್ಲ ನಿಂತಿತು. ಮುಂದೆ ಔಷಧಿ ಅಂಗಡಿಯವರು. ಹಿಂದೆ ಒಂದೇ ಸಮ ಹಾರ್ನ್ ಒತ್ತುತ್ತಿದ್ದವನು ಮೇಷ್ಟ್ರ ಷಡ್ಡಕ.

"ಅಲ್ಲ ಮೇಷ್ಟ್ರೇ, ಅವರು ನಿಮ್ ಜೊತೇಲೇ ಕೂರಬಾರದಿತ್ತಾ?"

"ಅವನಿಗೆ ಏಸಿ ಆಗಲ್ಲಮ್ಮ. ನನಗೆ ಏಸಿ ಇಲ್ದಿದ್ರೆ ಆಗಲ್ಲ."

ಅವಳು ಹಣೆ ಚಚ್ಚಿಕೊಂಡಳು. ಬನ್ನಿ ಬನ್ನಿ ಎಂದು ಬಡಿದುಕೊಂಡವಳು, ಹೇಗೆ ಬರಬೇಕೆಂದು ಮಾತ್ರ ಹೇಳಿರಲಿಲ್ಲ.

ಅಷ್ಟರಲ್ಲಿ ಮೈದುನನ ಫೋನ್ ಬಂತು. ಅವನ ಕೆಲಸ ಆ ಕಚೇರಿಯ ಎದುರಿಗೇ, ಹಾಗಾಗಿ ಸಭೆಗೆ ನಡೆದೇ ಹೋಗಿದ್ದ.

"ಎಲ್ಲಿದ್ದೀರಾ ಅತ್ತಿಗೆ? ಸಭೆ ಮುಗೀತು. ರೈಲು ಬೇಕು ಅನ್ನೋಕೆ ಇದ್ದದ್ದು ನಾನೊಬ್ಬನೇ. ಇವತ್ತು ಹೆದ್ದಾರೀಲಿ ಯಾವತ್ತೂ ಇಲ್ಲದಷ್ಟು ಕಾರು ಬಂದಿದಾವಂತೆ, ಅಗಲ ಮಾಡದೆ ಗತಿಯಿಲ್ಲ ಅಂದ್ಬಿಟ್ರು ಸಾಹೇಬ್ರು."

"ಅಯ್ಯೋ, ಆ ಕಾರೆಲ್ಲ ನಮ್ಮವೇ ಕಣೋ!" ಎಂದು ಅವಳು ಕಿರುಚಿದಳು. ಹಿಂದಿನಿಂದ ಷಡ್ಡಕ ಇನ್ನೊಮ್ಮೆ ಹಾರ್ನ್ ಒತ್ತಿದ.

ವಾಪಸು ಹೋಗೋಣವೆಂದರೆ ಕಾರು ತಿರುಗಿಸಲು ಜಾಗವಿರಲಿಲ್ಲ. ಕತ್ತಲಾಯಿತು. ಟೈಲರಕ್ಕ ಮನೆಗೆ ಫೋನ್ ಮಾಡಿದಳು.

"ಮಲಗಿಬಿಟ್ಲಾ ಅತ್ತೆ?"

"ಹೂಂ, ಆಗಲೇ."

"ಅಮ್ಮ ಎಲ್ಲಿ ಅಂತ ಕೇಳಿದ್ಲಾ?"

"ಈಚೀಚೆಗೆ ಕೇಳೋದಿಲ್ಲಮ್ಮ," ಎಂದರು ಅತ್ತೆ.