ನಗಬಾರದೆಂದು ಉಸಿರು ಹಿಡಿದವಳು

ಕೊರೊನಾ ಹಾವಳಿ ತಗ್ಗಿದ ಮರುವರ್ಷ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಫಿಸಿಯೋಥೆರಪಿ ಎಂದರೆ ಮೊಣಕಾಲು ತಿಕ್ಕುವ ಕೆಲಸ ಎಂದೇ ನಮ್ಮ ಮಾವನವರು ಕೊನೆಯತನಕ ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕೆಲಸದ ಬಹುಪಾಲು ಎದೆಗೆ ಸಂಬಂಧಿಸಿದ್ದು. ದೊಡ್ಡ ಆಪರೇಶನ್ ಆದವರಿಗೆ ಉಸಿರು ಎಳೆಯುವುದನ್ನು, ಕೆಮ್ಮುವುದನ್ನು, ಎದ್ದು ನಾಲ್ಕು ಹೆಜ್ಜೆ ಇಡುವುದನ್ನು ಮತ್ತೆ ಕಲಿಸುವುದು. ಉಸಿರಾಡುವುದನ್ನು ಕಲಿಸುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಕೇಳಿದವರಿದ್ದಾರೆ. ಹೊಟ್ಟೆ ಕೊಯ್ಸಿಕೊಂಡವರು ಮಾತ್ರ ಹಾಗೆ ಕೇಳುವುದಿಲ್ಲ.

ಹೊಟ್ಟೆಯ ಮೇಲ್ಭಾಗದಿಂದ ಉದ್ದಕ್ಕೆ ಕೊಯ್ದಿದ್ದರೆ ಪ್ರತಿ ಆಳವಾದ ಉಸಿರಿಗೂ ಗಾಯ ಎಳೆಯುತ್ತದೆ. ನೋವಿಗೆ ಹೆದರಿ ರೋಗಿ ಮೇಲೆ ಮೇಲೆ ಉಸಿರಾಡುತ್ತಾನೆ. ಶ್ವಾಸಕೋಶದ ತಳಕ್ಕೆ ಗಾಳಿ ಮುಟ್ಟದೆ ಆ ಭಾಗ ಮುದುಡಿಕೊಳ್ಳುತ್ತದೆ. ಇದಕ್ಕೆ ಅಟೆಲೆಕ್ಟಾಸಿಸ್ ಎನ್ನುತ್ತೇವೆ. ಮುದುಡಿದಲ್ಲಿ ಕಫ ನಿಲ್ಲುತ್ತದೆ, ಕಫ ನಿಂತರೆ ನ್ಯುಮೋನಿಯಾ, ಅದು ಹೆಚ್ಚಾದರೆ ಐಸಿಯು, ವೆಂಟಿಲೇಟರ್. ಆಪರೇಶನ್ ಚೆನ್ನಾಗಿ ಆಗಿಯೂ ಹೀಗೆ ಉಸಿರಿನಲ್ಲಿ ಸೋತವರನ್ನು ನಾನು ನೋಡಿದ್ದೇನೆ.

ಜಗದೇವಿ ಆ ದಾರಿಯಲ್ಲೇ ಇದ್ದಳು. ಕಮಲಾಪುರದವಳು, ಐವತ್ತರ ಆಸುಪಾಸು. ಮನೆಯವರದು ಕೆಂಪು ಬಾಳೆಯ ತೋಟ. ಕರುಳಿಗೆ ತೂತು ಬಿದ್ದು ತುರ್ತಾಗಿ ಆಪರೇಶನ್ ಆಗಿತ್ತು. ಸರ್ಜನ್‌ಗೆ ಹೊಟ್ಟೆಯ ಬಗ್ಗೆ ಸಮಾಧಾನವಿತ್ತು, ಎದೆಯ ಬಗ್ಗೆ ಇರಲಿಲ್ಲ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನ ಅಂಕಿ, ಆಕ್ಸಿಜನ್ ಕೊಡುತ್ತಿದ್ದರೂ, ತೊಂಬತ್ತರ ಹತ್ತಿರವೇ ತಡವರಿಸುತ್ತಿತ್ತು. ಉಸಿರು ಎಳೆದರೆ ಮೇಲೇರುವ ಮೂರು ಚೆಂಡುಗಳ ಸ್ಪೈರೋಮೀಟರ್ ಆಗ ಎಲ್ಲರ ಮನೆಗೂ ಗೊತ್ತಾಗಿದ್ದ ವಸ್ತು. ಅದನ್ನು ಆಕೆಯ ಕೈಗೆ ಕೊಟ್ಟೆ. ಒಂದು ಚೆಂಡೂ ಅಲುಗಲಿಲ್ಲ. ನಾನು ಸ್ವಲ್ಪ ಗದರುವ ಸ್ವಭಾವದವಳು. ಗದರಿದೆ, ಪುಸಲಾಯಿಸಿದೆ, ಮತ್ತೆ ಗದರಿದೆ. ಆಕೆ ತುಟಿ ಬಿಗಿದುಕೊಂಡು ನನ್ನನ್ನೇ ನೋಡಿದಳು.

ನೋವಿನ ಔಷಧ ಸಾಕಷ್ಟು ಹೋಗುತ್ತಿತ್ತು. ಆದರೂ ಈಕೆ ಉಸಿರನ್ನು ಬೇಕೆಂದೇ ಹಿಡಿದಂತಿತ್ತು. ಕಾರಣ ತಿಳಿದದ್ದು ಮಧ್ಯಾಹ್ನ, ಭೇಟಿಯ ಹೊತ್ತಿನಲ್ಲಿ. ಊರಿನಿಂದ ನೆಂಟರು ಬಂದಿದ್ದರು. ಜಗದೇವಿಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಶಾಂತಾಬಾಯಿ, ವಾರ್ಡಿನ ಬಾಗಿಲಲ್ಲಿ ನಿಂತು ಬಂದವರೆಲ್ಲರ ಕಿವಿಯಲ್ಲಿ ಏನೋ ಹೇಳಿ ಒಳಗೆ ಬಿಡುತ್ತಿದ್ದಳು. ಬಂದವರು ಮುಖ ಸಪ್ಪಗೆ ಮಾಡಿಕೊಂಡು ಮಂಚದ ಸುತ್ತ ನಿಂತು, ಲೊಚ್ ಲೊಚ್ ಎಂದು ಹೊರಗೆ ಹೋಗುತ್ತಿದ್ದರು. ಸತ್ತವರ ಮನೆಗೂ ಜನ ಅಷ್ಟು ಬಿಗಿಯಾಗಿ ಬರುವುದಿಲ್ಲ.

ಏನು ಹೇಳುತ್ತಿದ್ದೀ ಎಂದು ಕೇಳಿದೆ.

"ನಗಸಬ್ಯಾಡ್ರಿ ಅಂತ ಹೇಳಾಕತ್ತೀನ್ರಿ. ನಕ್ಕರ ಹೊಲಗಿ ಬಿಚ್ಚತಾವ," ಎಂದಳು. "ನಿಮಗ ಗೊತ್ತಿಲ್ರಿ, ನಮ್ಮಕ್ಕ ಇಡೀ ಓಣಿನೇ ನಗಸಾಕಿ. ಬಂದವ್ರು ಅಕಿನ್ನ ನೋಡಿದ ಕೂಡ್ಲೆ ಹಳೀದ ಏನರೆ ತಗದು ಹಲ್ಲ ಕಿಸೀತಾರ. ಅಕಿಗೂ ಹೇಳೀನಿ. ನಗು ಬಂದ್ರ ಉಸುರು ಹಿಡಕೋ ಅಂತ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆಪರೇಶನ್ ಆದಾಗಿನಿಂದ ಆ ಹೆಂಗಸು ಹೊಲಿಗೆ ಉಳಿಸಲು ಉಸಿರು ಕಟ್ಟಿ ಮಲಗಿದ್ದಳು. ಶಾಂತಾಬಾಯಿಯ ಮೇಲೆ ಸಿಟ್ಟು ಬಂತು, ಆದರೆ ಊಟ ನಿದ್ದೆ ಬಿಟ್ಟು ಕಾವಲು ನಿಂತವಳನ್ನು ಏನೆಂದು ಬೈಯುವುದು?

"ನಗೂದರಿಂದ ಹೊಲಗಿ ಬಿಚ್ಚೂದಿದ್ರ ನಾ ಕೆಮ್ಮಂತ ಯಾಕ ಹೇಳ್ತಿದ್ದೆ?" ಎಂದೆ. ಹೊಟ್ಟೆಯನ್ನು ಪದರ ಪದರವಾಗಿ ಹೊಲಿದಿರುತ್ತಾರೆ, ದಿಂಬು ಒತ್ತಿ ಹಿಡಿದುಕೊಂಡರೆ ಗಾಯಕ್ಕೆ ಆಸರೆಯಾಗುತ್ತದೆ, ನಕ್ಕಾಗ ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿ ಮುಂದಿನ ಉಸಿರು ತಾನಾಗಿಯೇ ತಳದತನಕ ಇಳಿಯುತ್ತದೆ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ನಾನು ಮೂರು ಚೆಂಡಿನಲ್ಲಿ ಮಾಡಿಸಲು ಒದ್ದಾಡುತ್ತಿದ್ದುದೂ ಅದನ್ನೇ. ಶಾಂತಾಬಾಯಿ ಪೂರ್ತಿ ನಂಬಲಿಲ್ಲ. ಸರ್ಜನ್ ರೌಂಡಿಗೆ ಬಂದಾಗ ಅವರ ಬಾಯಿಂದಲೂ ಹೇಳಿಸಿದ ಮೇಲೆ ಬಾಗಿಲು ಬಿಟ್ಟು ಬಂದಳು.

ಸರ್ಜನ್ ಎಕ್ಸ್‌ರೇ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ನಾಳಿ ಮುಂಜಾನಿತನ ನೋಡ್ತೀನಿ. ಸುಧಾರಿಸಲಿಲ್ಲಂದ್ರ ಐಸಿಯುಗೆ ಹಾಕೋಣ," ಎಂದರು. ದನಿ ತಗ್ಗಿಸಿದ್ದರೂ ಜಗದೇವಿಗೆ ಕೇಳಿಸಿತು. ಕಣ್ಣು ಮುಚ್ಚಿಕೊಂಡಳು. ಆಕೆಯ ಗಂಡ ಶರಣಪ್ಪ ಕೊರೊನಾದಲ್ಲಿ ಐಸಿಯುಗೆ ಹೋದವನು ತಿರುಗಿ ಬಂದಿರಲಿಲ್ಲ. ಅದನ್ನು ಶಾಂತಾಬಾಯಿ ಕಾರಿಡಾರಿನಲ್ಲಿ ಅಳುತ್ತಾ ನನಗೆ ಹೇಳಿದಳು.

ಸಂಜೆ ಡ್ಯೂಟಿ ಮುಗಿದರೂ ಶರಣಸಿರಸಗಿಯ ನಮ್ಮ ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಮತ್ತೆ ವಾರ್ಡಿಗೆ ಹೋದೆ. ನಗಬಾರದೆಂಬ ಅಪ್ಪಣೆ ರದ್ದಾಗಿತ್ತು. ಆದರೂ ಜಗದೇವಿ ನಗುತ್ತಿರಲಿಲ್ಲ. ಶಾಂತಾಬಾಯಿಯೇ ಊರಿನ ಯಾವುದೋ ಹಳೆಯ ಮೋಜಿನ ಪ್ರಸಂಗ ಹೇಳಿ, ತಾನೊಬ್ಬಳೇ ನಕ್ಕು, ಪೆಚ್ಚಾಗಿ ಕುಳಿತಳು. ನಾನೂ ಒಂದು ಹಾಸ್ಯ ಹೇಳಿದೆ. ನನ್ನ ಹಾಸ್ಯಕ್ಕೆ ನನ್ನ ಮಕ್ಕಳೇ ನಗುವುದಿಲ್ಲ, ಪಾಪ ಆಕೆ ಏನು ನಕ್ಕಾಳು.

ಪಕ್ಕದ ಮಂಚದಲ್ಲಿ ಶಹಾಬಜಾರದ ಮಹಬೂಬ್ ಬೀ ಇದ್ದಳು. ಪಿತ್ತಕೋಶದ ಕಲ್ಲಿನ ಆಪರೇಶನ್ ಆಗಿ ಮರುದಿನ ಮನೆಗೆ ಹೋಗುವವಳು. ಅರವತ್ತು ದಾಟಿದ, ಸುಮ್ಮನೆ ಕೂರಲು ಬಾರದ ಹೆಂಗಸು. ಆಕೆ ಇತ್ತ ಹೊರಳಿ ಹೇಳಿದಳು: "ಜಗದೇವಿ, ಲಗ್ನದಾಗ ನೀ ಒಡಪು ಹೇಳಿದ್ರ ಮಂದಿ ಉಳ್ಳಾಡಿ ನಗತಿದ್ರಂತ. ನಮಗೂ ಒಂದ ಹೇಳವಾ. ಇಲ್ಲಿ ಬಿದ್ದು ಬಿದ್ದು ಬೇಜಾರ್ ಆಗೇದ."

ಒಡಪು ಎಂದರೆ ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳುವ ಪದ್ಧತಿ. ಮದುವೆ, ಸೀಮಂತದಲ್ಲಿ ಸುತ್ತ ಕೂತು ಒಬ್ಬೊಬ್ಬರಾಗಿ ಹೇಳಬೇಕು. ಹೆಸರು ಹೇಳುವ ನೆವದಲ್ಲಿ ಗಂಡನ ಕಾಲೆಳೆಯಲು ಹೆಂಡತಿಗೆ ಊರೆದುರು ಸಿಗುವ ಪರವಾನಗಿ ಅದು. ಜಗದೇವಿ ಅದರಲ್ಲಿ ಎತ್ತಿದ ಕೈ. ಆದರೆ ಗಂಡ ಸತ್ತ ಮೇಲೆ ಆಕೆಯನ್ನು ಯಾರೂ ಕೇಳಿರಲಿಲ್ಲ. ಮದುವೆಗಳಲ್ಲಿ ಆಕೆ ಅಡಿಗೆಯ ಕಡೆ ಉಳಿಯುತ್ತಿದ್ದಳು.

"ಅದೊಂದ ಕೇಳಬ್ಯಾಡ್ರಿ," ಎಂದಳು ಶಾಂತಾಬಾಯಿ. "ಹೆಸರ ಹೇಳೂದು ಮುತ್ತೈದೇರು."

ಮಹಬೂಬ್ ಬೀ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ನಮ್ಮವರೂ ಹೋಗಿ ಹತ್ತ ವರ್ಸ ಆತು. ಇದ್ದಾಗ ಒಂದ ಮಾತ ಬೈಯಾಕ ಬಿಡಲಿಲ್ಲ ಆ ಮನಷ್ಯಾ. ಈಗ ದಿನಾ ಹೆಸರ ತಗೊಂಡ ಬೈತೀನಿ. ಯಾರ ಬಂದು ಬಿಡಸ್ತಾರ?"

ಜಗದೇವಿಯ ತುಟಿಯ ಕೊನೆ ಅಲುಗಿತು. ನಾನು ಅದನ್ನು ನೋಡಿಬಿಟ್ಟೆ. ತಡಮಾಡದೆ ದಿಂಬನ್ನು ಆಕೆಯ ಹೊಟ್ಟೆಯ ಮೇಲಿಟ್ಟು ಎರಡೂ ಕೈಗಳನ್ನು ಅದರ ಮೇಲೆ ಒತ್ತಿಸಿದೆ. "ಗಟ್ಟಿ ಹಿಡೀರಿ. ಹೇಳೂದಿದ್ರ ಹೇಳ್ರಿ," ಎಂದೆ.

ಆಕೆ ನೆಗೆಣ್ಣಿಯ ಮುಖ ನೋಡಿದಳು. ಶಾಂತಾಬಾಯಿ ದಿಂಬಿನ ಒಂದು ತುದಿಯನ್ನು ತಾನೂ ಒತ್ತಿ ಹಿಡಿದಳು. ಜಗದೇವಿ ಶುರು ಮಾಡಿದಳು, ಅರ್ಧ ಸಾಲಿಗೆ ಉಸಿರು ಸಾಲಲಿಲ್ಲ. ಒಡಪನ್ನು ಅರ್ಧಕ್ಕೆ ನಿಲ್ಲಿಸಿದರೆ ಹೇಳಿದವರಿಗೆ ಸೋಲು. ಆಕೆ ಹುಬ್ಬು ಗಂಟಿಕ್ಕಿ, ನೋವಿಗೆ ಹಲ್ಲು ಕಚ್ಚಿ, ನಾನು ಬೆಳಗಿನಿಂದ ಬೇಡಿದರೂ ಎಳೆಯದಿದ್ದ ಉಸಿರನ್ನು ಎಳೆದುಕೊಂಡಳು.

"ಕಮಲಾಪುರದ ಕೆಂಪ ಬಾಳಿ, ಸುಲದ್ರ ಒಳಗ ಬೆಣ್ಣಿ;
ಶರಣಪ್ಪನೋರ ಗೊರಕಿ ಕೇಳಿ ಎಮ್ಮಿ ಹರಕೊಂತು ಕಣ್ಣಿ."

ಮಹಬೂಬ್ ಬೀ ತನ್ನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ನಕ್ಕದ್ದನ್ನು ಕಂಡು ಜಗದೇವಿಗೆ ತಡೆಯಲಾಗಲಿಲ್ಲ. ದಿಂಬನ್ನು ಅವುಚಿಕೊಂಡು, "ಅವ್ವಾ, ಅಯ್ಯಯ್ಯೋ," ಎನ್ನುತ್ತಲೇ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ತಳದಿಂದ ಬಂತು, ನಾನು ಹಿಡಿದ ಬಟ್ಟಲಿಗೆ ಗಟ್ಟಿ ಕಫ ಬಿತ್ತು. ಶಾಂತಾಬಾಯಿ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. "ಖರೇನ ರೀ, ನಮ್ಮ ಭಾವನ ಗೊರಕಿ ಹಂಗೇ ಇತ್ತು, ಎಮ್ಮಿ ಹಗ್ಗ ಹರಕೊಳ್ಳೂವಂಗ," ಎಂದು ನನಗೆ ಸಾಕ್ಷಿ ಹೇಳಿದಳು. ನನಗೂ ಕಣ್ಣು ತುಂಬಿತು. ಮರೆಮಾಡಲು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡು ಆಕೆಯ ಬೆನ್ನಿಗಿಟ್ಟೆ. ಬಲಗಡೆ ತಳದಲ್ಲಿ ಗಾಳಿ ಹೋಗುವ ಸದ್ದು ಕ್ಷೀಣವಾಗಿ ಕೇಳಿಸಿತು. ಮಧ್ಯಾಹ್ನ ಅಲ್ಲಿ ಏನೂ ಕೇಳಿಸಿರಲಿಲ್ಲ.

ಒಂದು ನಗುವಿನಿಂದ ರೋಗ ಓಡಿಹೋಯಿತು ಎಂದು ಹೇಳಿದರೆ ನನ್ನ ಪದವಿಗೆ ಅವಮಾನ. ಆಂಟಿಬಯೋಟಿಕ್, ನೋವಿನ ಔಷಧ, ನೆಬ್ಯುಲೈಸರ್ ಎಲ್ಲವೂ ಕೆಲಸ ಮಾಡಿದವು. ಆದರೆ ಔಷಧ ಮುಟ್ಟಬೇಕಾದರೆ ದಾರಿ ತೆರೆಯಬೇಕಿತ್ತು, ಅದನ್ನು ಆಕೆಯೇ ತೆರೆದಳು. ಮಲಗುವತನಕ ಮತ್ತಷ್ಟು ಒಡಪು ಬಂದವು, ಸರ್ಜನ್‌ರ ಮೀಸೆಯ ಮೇಲೊಂದು, ಆಸ್ಪತ್ರೆಯ ಉಪ್ಪಿಟ್ಟಿನ ಮೇಲೊಂದು. ಬೆಳಿಗ್ಗೆ ಸ್ಪೈರೋಮೀಟರಿನಲ್ಲಿ ಒಂದು ಚೆಂಡು ಏರಿ ನಿಂತಿತು, ಎರಡನೆಯದು ಒದ್ದಾಡಿತು. ಸರ್ಜನ್ ಐಸಿಯು ಮಾತನ್ನು ಎತ್ತಲಿಲ್ಲ. ಕೆಲವು ದಿನಗಳಲ್ಲಿ ಆಕೆ ನಡೆದುಕೊಂಡೇ ಕಮಲಾಪುರದ ಬಸ್ಸು ಹತ್ತಿದಳು.

ಮುಂದಿನ ಬೇಸಿಗೆಯಲ್ಲಿ ಶಾಂತಾಬಾಯಿ ಮಗಳ ಮದುವೆಗೆ ಕರೆದಳು. ಹೋದೆ. ವಧೂವರರ ಮೇಲೆ ಅಕ್ಕಿಕಾಳು ಬಿದ್ದು, ಊಟವಾದ ಮೇಲೆ ಹೆಂಗಸರು ಜಮಖಾನೆಯ ಮೇಲೆ ಸುತ್ತ ಕೂತರು. ಒಡಪು ಒಬ್ಬರಿಂದೊಬ್ಬರಿಗೆ ಬರತೊಡಗಿತು. ಜಗದೇವಿ ಈ ಸಲ ಅಡಿಗೆಯ ಕಡೆ ಇರಲಿಲ್ಲ, ಶಾಂತಾಬಾಯಿ ಆಕೆಯನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಸರದಿ ಜಗದೇವಿಯ ಹತ್ತಿರ ಬಂದಾಗ ಹಿರಿಯಳೊಬ್ಬಳು ಆಕೆಯನ್ನು ನೋಡದವಳಂತೆ, "ಶಾಂತಾ, ನೀ ಹೇಳು," ಎಂದಳು.

"ನಮ್ಮಕ್ಕಂದು ಆಗಲಿ," ಎಂದಳು ಶಾಂತಾಬಾಯಿ. "ಅಕಿ ಹೇಳೂತನಕ ನಾ ನನ್ನ ಗಂಡನ ಹೆಸರ ಹೇಳಾಂಗಿಲ್ಲ."

"ಇದ್ಯಾವ ಪದ್ಧತಿನವಾ?"

"ದವಾಖಾನಿ ಪದ್ಧತಿ. ದಿನಾ ಒಡಪು ಹೇಳಲಿಲ್ಲಂದ್ರ ಅಕಿಗೆ ಉಸುರು ಕಟ್ಟತದ ಅಂತ ಡಾಕ್ಟ್ರು ಹೇಳ್ಯಾರ. ಸುಳ್ಳಂದ್ರ ಕೇಳ್ರಿ, ಅಲ್ಲೇ ಕುಂತಾರ."

ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ನಾನು ಡಾಕ್ಟರಲ್ಲ, ಹಾಗೆ ಹೇಳಿರಲೂ ಇಲ್ಲ. ಜಗದೇವಿ ಸೆರಗಿನ ತುದಿ ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಕಂಡಂತೆಯೇ ಆಕೆಯ ಉಸಿರು ನಿಂತಿತ್ತು.

"ಹೌದು," ಎಂದೆ, ರೌಂಡಿಗೆ ಬಂದ ಡಾಕ್ಟರ ದನಿಯಲ್ಲಿ. "ಇದು ಜೀವ ಇರೂತನಕ ನಡೀಬೇಕು. ನಿಲ್ಲಸಬಾರದು."

ಹಿರಿಯಳು ನನ್ನನ್ನೂ ಆಕೆಯನ್ನೂ ಒಂದು ಸಲ ನೋಡಿ, "ಡಾಕ್ಟ್ರ ಮಾತು ಮೀರಾಕ ಆಗ್ತದೇನು. ಹೇಳು ಮತ್ತ," ಎಂದಳು. ಜಗದೇವಿ ಸೆರಗು ಬಿಟ್ಟು, ತಳದತನಕ ಉಸಿರು ಎಳೆದುಕೊಂಡು ಗಂಡನ ಹೆಸರು ಹೇಳಿದಳು.

ನಗಿಸುವ ಕಲೆ ನನಗೆ ಇಂದಿಗೂ ಬಂದಿಲ್ಲ. ಆದರೆ ಹೊಸ ರೋಗಿಯ ಹತ್ತಿರ ಹೋದಾಗ, ಎಲ್ಲಿ ನೋವು ಎಂದು ಕೇಳಿದ ಮೇಲೆ, ನಿಮಗೆ ನಗಬೇಡ ಅಂದವರು ಯಾರು ಎಂದೂ ಕೇಳುತ್ತೇನೆ. ಬಹಳ ಜನ ಉತ್ತರಕ್ಕೆ ಯೋಚಿಸುವುದೇ ಇಲ್ಲ, ಕೇಳಿದ ಕೂಡಲೇ ಒಂದು ಹೆಸರು ಹೇಳುತ್ತಾರೆ.