ಮಂಜಿನಲ್ಲಿ ಗಾರ್ಡ್ ಸಾಹೇಬರು

ನಮ್ಮ ಬೀದಿಯ ಗಾರ್ಡ್ ಸಾಹೇಬರು ರೈಲಿನ ಕೊನೆಯ ಬೋಗಿಯಿಂದ ನಿವೃತ್ತರಾಗಿ ಆರು ವರ್ಷವಾಯಿತು, ಆದರೆ ಚಳಿಗಾಲದ ಬೆಳಗಿನ ವಾಕಿಂಗನ್ನು ಇಂದಿಗೂ ರೈಲು ಬಿಟ್ಟ ಹಾಗೆಯೇ ಬಿಡುತ್ತಾರೆ. ಮಂಜು ಕವಿದ ದಿನ ಅವರು ಸೀಟಿ ಊದದೆ ನಾವ್ಯಾರೂ ಗೇಟು ದಾಟುವಂತಿಲ್ಲ. ಮೊದಲು ತಪಾಸಣೆ: "ಚಪ್ಪಲಿ ನಡೆಯಲ್ಲ, ಶೂ ಹಾಕ್ಕೊಂಡ್ ಬನ್ನಿ. ಕೈ ಜೇಬಿಂದ ಆಚೆ ತೆಗೀರಿ, ಜಾರಿದ್ರೆ ಊರೋಕೆ ಮೂಗೊಂದೇ ಉಳಿಯತ್ತೆ." ಕಪ್ಪು ಸ್ವೆಟರ್ ತೊಟ್ಟು ಬಂದ ಮೇಷ್ಟರನ್ನು ಒಮ್ಮೆ ಮನೆಗೇ ವಾಪಸು ಕಳಿಸಿದ್ದರು, ಅವರು ಹೆಂಡತಿಯ ಹಳದಿ ಸ್ವೆಟರ್ ಹಾಕಿಕೊಂಡು ಬಂದ ಮೇಲೆಯೇ ಸೀಟಿ ಕೇಳಿಸಿತು. ತಾವು ಮಾತ್ರ ಬೆನ್ನಿಗೆ ಕೆಂಪು ದೀಪ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ. "ಗಾರ್ಡ್ ಆದವನು ಹಿಂದೇನೇ ಇರ್ಬೇಕು" ಎನ್ನುತ್ತಾರೆ. ಅವರಿಗಿಂತ ಒಂದೇ ಹೆಜ್ಜೆ ಮುಂದೆ, ಬಿಳಿ ಶಾಲು ಹೊದ್ದ ಹೆಂಡತಿ, ಗಂಡನ ಉಪದೇಶವನ್ನು ಗಂಡನಿಗೇ ಒಪ್ಪಿಸುತ್ತಾ ನಡೆಯುತ್ತಾರೆ. "ಇಲ್ಲಿ ಕಲ್ಲು ಜಾರತ್ತೆ ಅಂತ ನೀವೇ ಹೇಳಿದ್ರಲ್ಲ." "ಹ್ಞೂ, ಹುಷಾರು." "ಮೋರಿ ಚಪ್ಪಡಿ ಎದ್ದಿದೆ ಅಂದಿದ್ರಲ್ಲ." "ಅಂದಿದ್ದೆ. ಎಲ್ಲಾ ಎಡಕ್ಕೆ ಬನ್ನಿ." ಗಂಡನ ಮಾತನ್ನು ಇಷ್ಟು ಬಾಯಿಪಾಠ ಮಾಡಿದ ಹೆಂಡತಿ ಇನ್ನೆಲ್ಲೂ ಸಿಗಲಾರಳೆಂದು ನಾವು ಒಳಗೊಳಗೇ ನಗುತ್ತಿದ್ದೆವು. ಮೊನ್ನೆ ಮಂಜೇ ಇರಲಿಲ್ಲ. ಎಳೆಬಿಸಿಲಿಗೆ ಬೀದಿಯ ಆ ತುದಿಯ ಬೆಕ್ಕು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ವಾಪಸು ಬಂದು ಮನೆಯ ಗೇಟು ತೆರೆಯುತ್ತಾ ಆಕೆ ಎಂದಿನ ಹಾಗೆ, "ಎರಡು ಮೆಟ್ಟಿಲು ಅಂತ ನೀವೇ ಹೇಳಿದ್ರಲ್ಲ" ಎಂದರು. ಗಾರ್ಡ್ ಸಾಹೇಬರು ಶೂ ತುದಿಯಿಂದ ಮೊದಲ ಮೆಟ್ಟಿಲನ್ನು ತಡವಿ ತಡವಿ ಹುಡುಕಿ, "ಹೇಳಿದ್ದೆ, ನೋಡ್ಕೊಂಡ್ ಹೋಗು" ಎಂದು ಬಿಳಿ ಶಾಲಿನ ಅಂಚನ್ನು ಹಿಡಿದುಕೊಂಡರು.